ನಲ್ಲೂರಿನ ತೋಪಿಗೆ ಸಿಕ್ಕ ಕಾವಲು ನೇತ್ರಾಣಿಗೂ ಬೇಕು

ಬೂದಿಗೆರೆಯಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ದೂರ. ನಮ್ಮ ಸುತ್ತಿನ ಕೆರೆಗಳ ಕೋಡಿನೀರು ದಕ್ಷಿಣ ಪಿನಾಕಿನಿಯ ಜಾಡು ಹಿಡಿದು, ಹೊಸಕೋಟೆ ದಾಟಿ, ತಮಿಳುನಾಡನ್ನು ಹಾದು, ಕಡಲೂರಿನ ಬಳಿ ಬಂಗಾಳ ಕೊಲ್ಲಿ ಸೇರಬೇಕು. ಪಡುಗಡಲನ್ನು ಕಾಣಬೇಕೆಂದರೆ ಇಡೀ ರಾಜ್ಯವನ್ನು ಅಡ್ಡಹಾಯ್ದು ಘಟ್ಟ ಇಳಿಯಬೇಕು. ಹಾಗಿದ್ದೂ ಬೂದಿಗೆರೆ ಕ್ರಾಸಿನಿಂದ ವಿಮಾನ ನಿಲ್ದಾಣದ ಕಡೆಗೆ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಮುರುಡೇಶ್ವರದ ಮಾತು ಶುರುವಾಗುತ್ತದೆ. ಶುಕ್ರವಾರ ರಾತ್ರಿ ಬಸ್ಸು, ಇಲ್ಲವೇ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ರೈಲು, ಮರುದಿನ ದೋಣಿ, ನೇತ್ರಾಣಿಯ ನೀರಿನೊಳಗೆ ಅರ್ಧ ಗಂಟೆ, ಭಾನುವಾರ ಮತ್ತೆ ಘಟ್ಟ ಹತ್ತುವುದು. ಬಯಲುಸೀಮೆಯ ಹುಡುಗ ಹುಡುಗಿಯರಿಗೆ ಕಡಲಿನ ಒಳಗನ್ನು ನೋಡುವ ಬಾಗಿಲು ತೆರೆದಿರುವುದು ಸಂತೋಷದ ಸಂಗತಿ. ಆದರೆ ಅಲ್ಲಿ ನೀರಿನಡಿ ಇರುವುದು ಎಂಥ ಸಂಪತ್ತು, ಅದು ಎಷ್ಟು ಜನರ ಭಾರ ತಾಳೀತು, ಅದನ್ನು ಕಾಯುವವರು ಯಾರು ಎಂಬ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ನಮ್ಮಲ್ಲಿ ಸಾಕಷ್ಟು ಆಗಿಲ್ಲ.

ನೇತ್ರಾಣಿ ಉತ್ತರ ಕನ್ನಡ ಜಿಲ್ಲೆ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ಒಂಟಿಯಾಗಿ ಎದ್ದು ನಿಂತ ಗುಡ್ಡ. ಕಡಿದಾದ ಬಂಡೆಯಂಚು, ಮೇಲೆ ದಟ್ಟ ಕಾಡು. ಆಕಾಶದಿಂದ ನೋಡಿದರೆ ಹೃದಯದ ಆಕಾರ. ಪ್ರವಾಸದ ಜಾಹೀರಾತುಗಳು ಇದನ್ನು ಹವಳದ ದ್ವೀಪ ಎಂದು ಕರೆಯುತ್ತವೆ. ಅದು ಪೂರ್ತಿ ಸರಿಯಲ್ಲ, ಮತ್ತು ಇಲ್ಲಿನ ವ್ಯತ್ಯಾಸ ದೊಡ್ಡದು. ಲಕ್ಷದ್ವೀಪದ ಕವರತ್ತಿ, ಕಡಮತ್‌ಗಳು ಹವಳವೇ ಸಾವಿರಾರು ವರ್ಷ ಪದರ ಪದರವಾಗಿ ಕಟ್ಟಿದ ದ್ವೀಪಗಳು. ಅಲ್ಲಿ ನೆಲವೂ ಹವಳ, ಮರಳೂ ಹವಳ. ನೇತ್ರಾಣಿಯಲ್ಲಿ ಬಂಡೆ ಮೊದಲು, ಹವಳ ಅದರ ಮೈಮೇಲೆ. ನೀರಿನಡಿಯ ಇಳಿಜಾರಿನಲ್ಲಿ, ಬಿಸಿಲು ತಲುಪುವಷ್ಟು ಆಳದವರೆಗೆ, ಹವಳ ಬಂಡೆಗಂಟಿ ಬೆಳೆದಿದೆ. ಇಷ್ಟು ಚಿಕ್ಕ ಗುಡ್ಡದ ಸುತ್ತಲಿನ ಈ ತೆಳು ಹೊದಿಕೆ ಹರಿದರೆ ಪಕ್ಕದಿಂದ ಬಂದು ತುಂಬಿಕೊಳ್ಳಲು ಹತ್ತಿರದಲ್ಲಿ ದೊಡ್ಡ ಹವಳದಿಬ್ಬವಿಲ್ಲ.

ಕರ್ನಾಟಕಕ್ಕೆ ನಿಜವಾದ ಹವಳದ್ವೀಪಗಳೊಂದಿಗೆ ಆಡಳಿತದ ನಂಟು ಇದ್ದ ಕಾಲವೂ ಇತ್ತು. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಟಿಪ್ಪುವಿನ ಆಳ್ವಿಕೆಗೆ ಒಳಪಟ್ಟು, 1799ರ ನಂತರ ಕಂಪನಿಯ ಕೈಸೇರಿ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮುಂದುವರಿದಿದ್ದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಈ ದ್ವೀಪಗಳು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಹೋದವು. ಏಕೀಕರಣದ ನಂತರ ನಮ್ಮ ಪಾಲಿಗೆ ಉಳಿದ ಹವಳವೆಂದರೆ ಕರಾವಳಿಯ ಇಂಥ ಬಂಡೆಗಳಿಗೆ ಅಂಟಿಕೊಂಡದ್ದು ಮಾತ್ರ. ಅದರಲ್ಲಿ ನೇತ್ರಾಣಿಯದು ಎದ್ದು ಕಾಣುವ ಹೆಸರು.

ಸುಮಾರು 320 ಕಿ.ಮೀ. ಉದ್ದದ ನಮ್ಮ ಕರಾವಳಿಯಲ್ಲಿ ದಡದ ಬಳಿ ಹವಳ ಸಮೃದ್ಧವಾಗಿ ಬೆಳೆಯದಿರಲು ಕಾರಣ ನಮ್ಮ ಮಳೆಗಾಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಭಟ್ಕಳದ ಬಳಿಯ ವೆಂಕಟಾಪುರ ಹೊಳೆ, ಎಲ್ಲವೂ ಜೂನ್‌ನಿಂದ ಘಟ್ಟದ ಕೆಂಪು ಮಣ್ಣನ್ನು ಹೊತ್ತು ಕಡಲಿಗೆ ಸುರಿಯುತ್ತವೆ. ಹವಳಕ್ಕೆ ಸಿಹಿನೀರು ಆಗದು, ಕೆಸರು ಆಗದು. ಅದು ಗಿಡವಲ್ಲ, ಕಲ್ಲೂ ಅಲ್ಲ. ಸುಣ್ಣದ ಗೂಡು ಕಟ್ಟಿಕೊಂಡ ಅತಿ ಚಿಕ್ಕ ಪ್ರಾಣಿಗಳ ಸಮೂಹ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ. ನೀರು ಕಲಕಿ ಬಿಸಿಲು ನಿಂತರೆ ಆ ಅಡುಗೆಮನೆಯೇ ಮುಚ್ಚುತ್ತದೆ. ನೇತ್ರಾಣಿ ಹೊಳೆಗಳ ಬಾಯಿಂದ ದೂರ ನಿಂತಿರುವುದರಿಂದ ಮಳೆಗಾಲ ಕಳೆದ ಮೇಲೆ ಅಲ್ಲಿನ ನೀರು ತಿಳಿಯಾಗುತ್ತದೆ. ಒಳ್ಳೆಯ ದಿನಗಳಲ್ಲಿ ಹದಿನೈದು, ಇಪ್ಪತ್ತು ಮೀಟರ್ ದೂರದ ಮೀನು ಕಣ್ಣಿಗೆ ಬೀಳುತ್ತದೆ. ಇದೇ ಮಳೆಗಾಲ ಒಂದು ಉಪಕಾರವನ್ನೂ ಮಾಡುತ್ತದೆ. ನೈರುತ್ಯ ಮಾರುತದ ಕಾಲದಲ್ಲಿ ಆಳದ ತಣ್ಣೀರು ಪೋಷಕಾಂಶಗಳೊಂದಿಗೆ ಮೇಲೆದ್ದು ಬರುತ್ತದೆ, ಅದರಿಂದ ಪ್ಲವಕ ಜೀವಿಗಳು ಹೆಚ್ಚುತ್ತವೆ, ಅವನ್ನು ತಿನ್ನಲು ತಾರ್ಲಿ, ಬಂಗುಡೆಗಳ ಹಿಂಡು, ಹಿಂಡಿನ ಬೆನ್ನಿಗೆ ದೊಡ್ಡ ಮೀನುಗಳು. ನೇತ್ರಾಣಿಯಲ್ಲಿ ಹವಳದ ಬಣ್ಣಕ್ಕಿಂತ ಮೀನಿನ ದಟ್ಟಣೆಯೇ ಡೈವರ್‌ಗಳನ್ನು ಬೆರಗುಗೊಳಿಸುವುದಕ್ಕೆ ಇದೇ ಕಾರಣ.

ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಶತಮಾನದ ಮೊದಲ ದಶಕದಲ್ಲಿ ಇಲ್ಲಿ ನೀರಿಗಿಳಿದು ನಡೆಸಿದ ಪ್ರಾಥಮಿಕ ಸಮೀಕ್ಷೆಯಲ್ಲಿ ಎಂಬತ್ತಕ್ಕೂ ಹೆಚ್ಚು ಬಗೆಯ ಹವಳದಿಬ್ಬದ ಮೀನುಗಳು ದಾಖಲಾದವು. ಒಂದು ಸಣ್ಣ ಗುಡ್ಡದ ಸುತ್ತ ಅಷ್ಟು ಬಗೆ! ಕಡುನೀಲಿ ಮೈ, ಕೆಂಪು ಹಲ್ಲಿನ ಟ್ರಿಗರ್ ಮೀನುಗಳು ನೂರಾರು ಸಂಖ್ಯೆಯಲ್ಲಿ ಬಂಡೆಯ ಮೇಲಿನ ನೀರಿನಲ್ಲಿ ತೇಲುತ್ತಿರುತ್ತವೆ. ಹತ್ತಿರ ಹೋದರೆ ಕಲ್ಲಿನ ಸೀಳಿಗೆ ನುಗ್ಗಿ ಬಾಲದ ತುದಿಯಷ್ಟೇ ಹೊರಗಿಡುತ್ತವೆ. ಜೋಡಿ ಜೋಡಿಯಾಗಿ ಅಲೆಯುವ ಚಿಟ್ಟೆಮೀನು, ಹವಳವನ್ನು ಕೊರೆದು ಮರಳಾಗಿಸುವ ಗಿಳಿಮೀನು, ಸೀಳುಗಳಿಂದ ಬಾಯಿ ತೆರೆದು ಮುಚ್ಚುತ್ತ ಉಸಿರಾಡುವ ಮೊರೆ ಹಾವುಮೀನು, ವಿಷಮುಳ್ಳಿನ ಸಿಂಹಮೀನು. ಕರಾವಳಿಯ ಮೀನುಗಾರರಿಗೆ ಚಿರಪರಿಚಿತವಾದ ಮುರು ಮೀನು ಬಂಡೆಯ ನೆರಳಲ್ಲಿ ಅಲುಗಾಡದೆ ನಿಂತಿರುತ್ತದೆ. ತೊರಕೆ ಮರಳಿನಲ್ಲಿ ಹುದುಗಿರುತ್ತದೆ. ತೆರೆದ ನೀರಿನ ಕಡೆ ಬರಕುಡಾ, ಕೋಬಿಯಾಗಳ ಗಸ್ತು. ಕಡಲಾಮೆಗಳು ಬಂದು ಹೋಗುತ್ತವೆ. ತಿಮಿಂಗಿಲ ಶಾರ್ಕ್ ಅಪರೂಪಕ್ಕೆ ಕಾಣುತ್ತದೆ. ಓರ್ಕಾ ತಿಮಿಂಗಿಲಗಳನ್ನು ಕಂಡ ವರದಿಗಳೂ ಇವೆ.

ಹವಳಗಳಲ್ಲಿ ಗುಂಡು ಬಂಡೆಯಂತೆ ಬೆಳೆಯುವ ಪೊರೈಟಿಸ್ ಜಾತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ವರ್ಷಕ್ಕೆ ಬೆಳೆಯುವುದು ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್. ಒಂದು ಮೀಟರ್ ಎತ್ತರದ ಗುಂಡು ಹವಳ ಕಂಡರೆ ಅದಕ್ಕೆ ಸುಮಾರು ನೂರು ವರ್ಷ ಎಂದು ತಿಳಿಯಬಹುದು. ಕಾಲಿನ ರೆಕ್ಕೆ ತಾಗಿ ಮುರಿದ ಅಂಗೈಯಗಲದ ತುಂಡು ಮತ್ತೆ ತುಂಬಿಕೊಳ್ಳಬೇಕಾದರೆ, ಮುರಿದವರ ಮಗು ಶಾಲೆ ಮುಗಿಸುವಷ್ಟು ಕಾಲ ಬೇಕು.

ನೀರಿನ ಮೇಲಿನ ನೇತ್ರಾಣಿಯ ಕತೆಯನ್ನೂ ಬಿಡುವಂತಿಲ್ಲ. 1875ರಲ್ಲಿ ಎ.ಓ. ಹ್ಯೂಮ್, ಮುಂದೆ ಕಾಂಗ್ರೆಸ್ ಸ್ಥಾಪನೆಯಲ್ಲಿ ಪಾತ್ರ ವಹಿಸಿದ ಅದೇ ಹ್ಯೂಮ್, ಲಕ್ಷದ್ವೀಪ ಹಾಗೂ ಪಶ್ಚಿಮ ಕರಾವಳಿಯ ಹಕ್ಕಿಗಳನ್ನು ಹುಡುಕಿ ಹೊರಟಾಗ ಈ ದ್ವೀಪಕ್ಕೂ ಬಂದಿದ್ದ. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿನ ಎತ್ತರದ ಮರಗಳಲ್ಲಿ ಗೂಡು ಕಟ್ಟುವುದು ಅಂದಿನಿಂದಲೂ ದಾಖಲೆಯಲ್ಲಿದೆ. ದಡದ ಮೀನುಗಾರರಿಗೆ ಇದು ಹರಕೆಯ ಗುಡ್ಡ. ದೇವರ ಹೆಸರಿನಲ್ಲಿ ಮೇಕೆಗಳನ್ನು ತಂದು ಬಿಡುವ ರೂಢಿ ಇದ್ದುದರಿಂದ ಕಾಡುಬಿದ್ದ ಮೇಕೆಗಳು ಈಗಲೂ ಅಲ್ಲಿವೆ. ಇನ್ನೊಂದು ಕಡೆ, ನೌಕಾಪಡೆ ಈ ಗುಡ್ಡವನ್ನು ಗುರಿಯಭ್ಯಾಸಕ್ಕೆ ಬಳಸುತ್ತ ಬಂದಿತ್ತು. ದ್ವೀಪದ ಮೇಲೆ ಸಿಡಿದ ಹಾಗೂ ಸಿಡಿಯದ ಗುಂಡುಗಳು ಕಂಡಾಗ ಉತ್ತರ ಕನ್ನಡದ ಪರಿಸರ ಕಾರ್ಯಕರ್ತರು ಹದ್ದಿನ ಗೂಡುಗಳನ್ನೂ ಹವಳವನ್ನೂ ಮುಂದಿಟ್ಟು ಆಕ್ಷೇಪ ಎತ್ತಿದರು. ದೇಶದ ರಕ್ಷಣೆಗೆ ಅಭ್ಯಾಸ ಬೇಕು, ನಿಜ. ಆದರೆ ಬರಿಯ ಬಂಡೆಗಳಿರುವ ಕಡಲಿನಲ್ಲಿ ಹವಳ ಹೊತ್ತ ಬಂಡೆಯೇ ಗುರಿಯಾಗಬೇಕಾಗಿಲ್ಲ ಎಂಬ ಅವರ ವಾದ ನನಗೆ ಸರಿಯೆನಿಸುತ್ತದೆ. ಪ್ರವಾಸಿಗರಿಗೆ ದ್ವೀಪದ ಮೇಲೆ ಕಾಲಿಡಲು ಅನುಮತಿಯಿಲ್ಲ. ದೋಣಿ ಪಕ್ಕದಲ್ಲೇ ನಿಲ್ಲುತ್ತದೆ, ಇಳಿಯುವುದು ನೀರಿಗೇ.

ಮುರುಡೇಶ್ವರದಿಂದ ದೋಣಿಗೆ ಒಂದು, ಒಂದೂವರೆ ಗಂಟೆಯ ಹಾದಿ. ಕಾಲ ಅಕ್ಟೋಬರ್‌ನಿಂದ ಮೇವರೆಗೆ. ಜೂನ್‌ನಲ್ಲಿ ಕಡಲೇ ಬಾಗಿಲು ಹಾಕುತ್ತದೆ. ದ್ವೀಪದ ಸುತ್ತಲಿನ ತಾಣಗಳಿಗೆ ಡೈವರ್‌ಗಳು ತಾವೇ ಹೆಸರಿಟ್ಟುಕೊಂಡಿದ್ದಾರೆ. ‘ನರ್ಸರಿ’ಯಂಥ ಆಳ ಕಡಿಮೆಯ ತಾಣ ಹೊಸಬರಿಗೆ, ‘ಗ್ರ್ಯಾಂಡ್ ಸೆಂಟ್ರಲ್’ನಂಥವು ಅನುಭವಿಗಳಿಗೆ. ಈಜು ಬಾರದವರೂ ತರಬೇತುದಾರರ ಕೈಹಿಡಿದು ಇಳಿಯುವ ಮೊದಲ ಡೈವ್‌ಗೆ ಅಂತಾರಾಷ್ಟ್ರೀಯ ಮಿತಿ 12 ಮೀಟರ್. ಓಪನ್ ವಾಟರ್ ತರಬೇತಿ ಮುಗಿಸಿದರೆ 18 ಮೀಟರ್, ಅದರ ಮೇಲಿನ ಹಂತಕ್ಕೆ 30. ಕುಸ್ಟೊ ಮತ್ತು ಗಾನ್ಯಾಂ ಎಂಬ ಫ್ರೆಂಚರು 1943ರಲ್ಲಿ ರೂಪಿಸಿದ ಆಕ್ವಾಲಂಗ್ ಉಪಕರಣದ ತತ್ವವೇ ಇಂದಿಗೂ ಬಳಕೆಯಲ್ಲಿದೆ: ಸುತ್ತಲಿನ ನೀರಿನ ಒತ್ತಡಕ್ಕೆ ತಕ್ಕಂತೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವುದು. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಹಾಗಾಗಿ ಇಳಿಯುವಾಗ ಮೂಗು ಹಿಡಿದು ಕಿವಿಯ ಒತ್ತಡ ಸರಿದೂಗಿಸಬೇಕು. ಮೇಲೇರುವಾಗ ಯಾವ ಕಾರಣಕ್ಕೂ ಉಸಿರು ಬಿಗಿಹಿಡಿಯಬಾರದು, ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಪ್ರಾಣಕ್ಕೇ ಎರವಾಗುತ್ತದೆ.

ನಮ್ಮ ಸೀಮೆಯವರಿಗೆ ವಿಶೇಷವಾಗಿ ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಅದನ್ನು ಹೇಳುವವರು ಕಡಿಮೆ. ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ರಕ್ತ, ಮಾಂಸಗಳಲ್ಲಿ ಸಾರಜನಕ ಹೆಚ್ಚಾಗಿ ಕರಗುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರಲ್ಲಿ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ ಗುಳ್ಳೆಗಳಾಗಿ ಕೀಲು, ನರಗಳನ್ನು ಬಾಧಿಸಬಹುದು. ಅದಕ್ಕಾಗಿಯೇ ಒಂದು ಡೈವ್‌ನ ನಂತರ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದರೆ 18 ಗಂಟೆ ವಿಮಾನ ಹತ್ತಬಾರದೆಂಬ ಸಲಹೆ. ಆದರೆ ಈ ಸಲಹೆ ವಿಮಾನಕ್ಕೆ ಮಾತ್ರವಲ್ಲ, ಎತ್ತರಕ್ಕೆ. ಸುಮಾರು 600 ಮೀಟರಿನಿಂದ ಮೇಲಕ್ಕೆ ಅದು ಅನ್ವಯಿಸುತ್ತದೆ. ಬೆಂಗಳೂರು, ದೇವನಹಳ್ಳಿ, ಬೂದಿಗೆರೆಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿವೆ. ಮಧ್ಯಾಹ್ನ ಎರಡು ಮೂರು ಡೈವ್ ಮುಗಿಸಿ ಸಂಜೆಯೇ ಕಾರು ಹತ್ತಿ ಘಟ್ಟ ಏರಿ ಮನೆ ಸೇರುವವರು ಇದನ್ನು ಗಮನಿಸಬೇಕು. ಹೊಸಬರ ಒಂದು ಸಣ್ಣ ಡೈವ್‌ನಲ್ಲಿ ಅಪಾಯ ಕಡಿಮೆ. ಆದರೂ ಶನಿವಾರ ಡೈವ್, ಭಾನುವಾರ ಪ್ರಯಾಣ ಎಂದು ಯೋಜಿಸುವುದೇ ಜಾಣತನ.

ಪುನೀತ್ ರಾಜ್‌ಕುಮಾರ್ ಮತ್ತು ಅಮೋಘವರ್ಷ ಅವರ ‘ಗಂಧದಗುಡಿ’ 2022ರ ಅಕ್ಟೋಬರ್ 28ರಂದು ತೆರೆಗೆ ಬಂದಾಗ ಎಷ್ಟೋ ಕನ್ನಡಿಗರು ನೇತ್ರಾಣಿಯ ನೀರಿನಡಿಯನ್ನು ಮೊದಲ ಬಾರಿಗೆ ಕಂಡರು. ಅಪ್ಪು ಸ್ವತಃ ಸಿಲಿಂಡರ್ ಹೊತ್ತು ಇಳಿದಿದ್ದರು. ಕಾಡೆಂದರೆ ಗುಡ್ಡ ಬೆಟ್ಟ ಮಾತ್ರವಲ್ಲ, ಕಡಲಿನೊಳಗೂ ಒಂದಿದೆ ಎಂದು ಆ ಚಿತ್ರ ಮನಗಾಣಿಸಿತು. ಅಲ್ಲಿಂದೀಚೆಗೆ ಹುಟ್ಟಿದ ಅಕ್ಕರೆಯನ್ನು ಕಾವಲಾಗಿ ತಿರುಗಿಸುವ ಹೊಣೆ ನಮ್ಮದು.

ಒತ್ತಡಗಳ ಲೆಕ್ಕಕ್ಕೆ ಬರೋಣ. ಕೆಂಪು ಸಮುದ್ರ ಹಾಗೂ ಕೆರಿಬಿಯನ್ನಿನ ಹವಳದಿಬ್ಬಗಳಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಗಳು, ಒಂದು ತಾಣ ವರ್ಷಕ್ಕೆ ಐದಾರು ಸಾವಿರ ಡೈವ್‌ಗಳಿಗಿಂತ ಹೆಚ್ಚು ಕಂಡರೆ ಹಾನಿ ಏರತೊಡಗುತ್ತದೆ ಎಂದು ಅಂದಾಜು ಮಾಡಿದವು. ಆ ಅಂಕಿಯನ್ನು ಹಾಗೆಯೇ ಇಲ್ಲಿಗೆ ಒಯ್ಯಲಾಗದು. ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ನಮ್ಮ ಹಂಗಾಮು ಎಂಟು ತಿಂಗಳು, ಅಂದರೆ ಸುಮಾರು 240 ದಿನ. ದಿನಕ್ಕೆ ಒಂದೇ ತಾಣದಲ್ಲಿ 25 ಜನ ಇಳಿದರೆ ಸಾಕು, ಆರು ಸಾವಿರ ಮುಟ್ಟುತ್ತದೆ. ಅದರಲ್ಲೂ ಹೊಸಬರು ಇಳಿಯುವುದು ಆಳ ಕಡಿಮೆಯ, ಹವಳ ಹೆಚ್ಚಿರುವ ಒಂದೆರಡು ಜಾಗಗಳಿಗೇ. ತರಬೇತುದಾರರ ಹಿಡಿತದಲ್ಲಿರುವ ಹೊಸಬರಿಂದ ಆಗುವ ಹಾನಿ ಕಡಿಮೆ ಎನ್ನಬಹುದು. ನನ್ನ ಕಳವಳವಿರುವುದು ದೋಣಿಯ ಲಂಗರಿನ ಮೇಲೆ. ಡೈವರ್‌ನ ಕಾಲು ಒಂದು ಚೂರನ್ನು ಮುರಿದರೆ, ಎಳೆದಾಡುವ ಲಂಗರು ಮತ್ತು ಅದರ ಸರಪಳಿ ಶತಮಾನದ ಬೆಳೆಯನ್ನು ಒಂದು ಬೆಳಿಗ್ಗೆಯಲ್ಲಿ ಉರುಳಿಸಬಲ್ಲವು. ಇದಕ್ಕೆ ಪರಿಹಾರ ಜಗತ್ತಿಗೆಲ್ಲ ಗೊತ್ತಿರುವುದೇ: ತಳಕ್ಕೆ ಭದ್ರಪಡಿಸಿದ ಶಾಶ್ವತ ಬೋಯ್‌ಗಳು. ದೋಣಿ ಬಂದು ಅದಕ್ಕೆ ಹಗ್ಗ ಕಟ್ಟಿಕೊಂಡರೆ ಲಂಗರು ಇಳಿಸುವ ಪ್ರಮೇಯವೇ ಇಲ್ಲ. ಕೆರಿಬಿಯನ್ನಿನ ಬೊನೇರ್ ದ್ವೀಪ 1979ರಲ್ಲೇ ಕಡಲ ಉದ್ಯಾನವಾಗಿ, 1992ರಿಂದ ಡೈವರ್‌ಗಳಿಂದ ಶುಲ್ಕ ಪಡೆದು, ಆ ಹಣದಲ್ಲೇ ಇಂಥ ಬೋಯ್‌ಗಳನ್ನೂ ಕಾವಲನ್ನೂ ನಡೆಸಿಕೊಂಡು ಬಂದಿದೆ. ಮಲೇಷ್ಯಾದ ಸಿಪಾಡಾನ್ ದ್ವೀಪದಿಂದ 2004ರಲ್ಲಿ ರೆಸಾರ್ಟುಗಳನ್ನೇ ತೆರವು ಮಾಡಿ, ಆಮೇಲೆ ದಿನಕ್ಕೆ ಇಷ್ಟೇ ಪರವಾನಗಿ ಎಂದು ಕಟ್ಟು ಹಾಕಿದರು. ಅಲ್ಲಿಗೆ ಹೋಗಬೇಕೆನ್ನುವವರ ಸಾಲು ಅದರಿಂದ ಕರಗಲಿಲ್ಲ.

ಎಲ್ಲ ತೊಂದರೆಯೂ ಪ್ರವಾಸಿಗರಿಂದ ಎನ್ನುವುದು ತಪ್ಪು. ಬಂಡೆಗೆ ಸಿಕ್ಕಿ ಬಿಟ್ಟುಹೋದ ಬಲೆಗಳು ವರ್ಷಗಟ್ಟಲೆ ಮೀನು ಹಿಡಿಯುತ್ತ, ಕೊಲ್ಲುತ್ತ ಇರುತ್ತವೆ. ಪ್ರಖರ ದೀಪ ಹಾಕಿ ಮೀನು ಸೆಳೆಯುವ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಆ ಆದೇಶ ಪಾಲನೆಯಾಗುವಂತೆ ನೋಡಿಕೊಳ್ಳಲು ಕಡಲಿನಲ್ಲಿ ಕಣ್ಣು ಬೇಕು. ಇವೆಲ್ಲಕ್ಕಿಂತ ದೊಡ್ಡದು ಕಡಲಿನ ಬಿಸಿ. ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. 1998, 2010, 2016ರ ನಂತರ ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಮರುತಿಂಗಳೇ ಲಕ್ಷದ್ವೀಪದ ಹವಳಗಳು ವ್ಯಾಪಕವಾಗಿ ಬಿಳಿಚಿರುವುದು ವರದಿಯಾಯಿತು. ಕಡಲಿನ ಬಿಸಿಯನ್ನು ಭಟ್ಕಳದಿಂದಾಗಲಿ ಬೂದಿಗೆರೆಯಿಂದಾಗಲಿ ತಗ್ಗಿಸಲಾಗದು. ಆದರೆ ಬಿಸಿಯಿಂದ ಬಳಲಿದ ಹವಳ ಚೇತರಿಸಿಕೊಳ್ಳುವ ಕಾಲದಲ್ಲಿ ಲಂಗರು, ಬಲೆ, ಕಾಲ್ತುಳಿತಗಳನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.

ಕಾನೂನು ಇಲ್ಲವೆನ್ನುವಂತಿಲ್ಲ. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ತಿಮಿಂಗಿಲ ಶಾರ್ಕನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಒಂದು ತುಂಡು ಹವಳ ಮುರಿದು ತಂದು ಮನೆಯ ಅಲಮಾರಿನಲ್ಲಿಡುವುದು ಅಪರಾಧ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಹವಳದಿಬ್ಬಗಳಿಗೆ ಅತ್ಯಂತ ಸೂಕ್ಷ್ಮ ವಲಯದ ಸ್ಥಾನವಿದೆ. ಹೊನ್ನಾವರದ ಬಳಿ ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿಧಾಮ ರೂಪುಗೊಂಡಿರುವುದು ರಾಜ್ಯದ ಮಟ್ಟಿಗೆ ದೊಡ್ಡ ಹೆಜ್ಜೆ. ಆದರೆ ಅದು ದಡಕ್ಕೆ ಹತ್ತಿರದ ನೀರಿನದು. ನೇತ್ರಾಣಿ ಅದರಾಚೆಗೆ ನಿಂತಿದೆ. ಜೀವಿಗೆ ರಕ್ಷಣೆ ಇದ್ದೂ ಜಾಗಕ್ಕೆ ಹೆಸರು, ಗಡಿ, ನಿರ್ವಹಣಾ ಸಮಿತಿ ಇಲ್ಲದಿದ್ದರೆ ಯಾವ ದೋಣಿಗೆ ಎಲ್ಲಿ ನಿಲ್ಲಬೇಕೆಂದು ಹೇಳುವವರು ಯಾರು?

ಇಲ್ಲಿ ನಮ್ಮ ನೆರೆಯ ನಲ್ಲೂರು ನೆನಪಾಗುತ್ತದೆ. ಬೂದಿಗೆರೆಯಿಂದ ದೇವನಹಳ್ಳಿ ಕಡೆಗೆ ಕೆಲವೇ ಕಿಲೋಮೀಟರ್ ದೂರದ ನಲ್ಲೂರಿನ ಹುಣಸೆತೋಪು 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಸುಮಾರು 54 ಎಕರೆ, ಕೆಲವು ಶತಮಾನ ಕಂಡ ಮುದಿ ಹುಣಸೆಗಳು. ಆ ತೋಪಿನ ಸುತ್ತ ಭೂಮಿಯ ಬೆಲೆ ಎಷ್ಟು ಏರಿದೆಯೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೆಸರು ಸಿಕ್ಕಿರುವುದರಿಂದ ಅದನ್ನು ಮುಟ್ಟುವ ಮುನ್ನ ಯಾರಾದರೂ ಉತ್ತರ ಹೇಳಬೇಕಾಗುತ್ತದೆ. ಈ ಅಧಿಕಾರ ಬಂದದ್ದು 2002ರ ಜೀವವೈವಿಧ್ಯ ಕಾಯಿದೆಯ 37ನೆಯ ಕಲಮಿನಿಂದ: ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ರಾಜ್ಯ ಸರ್ಕಾರ ಇಂಥ ತಾಣವನ್ನು ಘೋಷಿಸಬಹುದು, ನಿರ್ವಹಣೆಗೆ ನಿಯಮ ರೂಪಿಸಬಹುದು, ಅದರಿಂದ ನಷ್ಟವಾಗುವವರಿಗೆ ಪರಿಹಾರದ ಯೋಜನೆಯನ್ನೂ ಮಾಡಬಹುದು. ನೇತ್ರಾಣಿಗೆ ಇದೇ ದಾರಿ ಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅಭಯಾರಣ್ಯದ ಬಿಗಿ ನಿಷೇಧಕ್ಕಿಂತ ಇದು ಮೇಲು. ಏಕೆಂದರೆ ಅಳ್ವೆಕೋಡಿ, ಮುರುಡೇಶ್ವರ, ಭಟ್ಕಳದ ಗಾಳದ ಮೀನುಗಾರರನ್ನು ಹೊರಗಿಟ್ಟು ನೇತ್ರಾಣಿಯನ್ನು ಕಾಯಲಾಗದು. ಆ ನೀರನ್ನು ತಲೆಮಾರುಗಳಿಂದ ಬಲ್ಲವರು ಅವರು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದಾಗ ರಾಂಪಣಿ ಬಲೆಯವರನ್ನು ಯಾರೂ ಕೇಳಲಿಲ್ಲ. ಅವರ ಬದುಕು ಮುಳುಗಿತು. ಅದು ಡೈವಿಂಗ್ ವಿಚಾರದಲ್ಲಿ ಮರುಕಳಿಸಬಾರದು. ಡೈವರ್ ಕೊಡುವ ಶುಲ್ಕದಲ್ಲಿ ಒಂದು ಪಾಲು ಅವರ ಸಹಕಾರ ಸಂಘಗಳಿಗೆ, ಒಂದು ಪಾಲು ಬೋಯ್‌ಗಳಿಗೆ, ಮತ್ತೊಂದು ವಾರ್ಷಿಕ ಹವಳ ಗಣತಿಗೆ ಹೋಗಲಿ. ಗಣತಿಗೆ ಬೇಕಾದ ಜನ ಕಾರವಾರದಲ್ಲೇ ಇದ್ದಾರೆ: ಕಡಲ ಮೀನುಗಾರಿಕಾ ಸಂಸ್ಥೆಯ ಕೇಂದ್ರವಿದೆ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ. ತರಬೇತಿ ಪಡೆದ ಡೈವರ್‌ಗಳೂ ಅವರೊಂದಿಗೆ ಇಳಿದು ಎಣಿಸಬಹುದು.

ನಮ್ಮ ಕಡೆಯಿಂದ ಈ ಹಂಗಾಮಿನಲ್ಲಿ ಹೊರಡುವವರಿಗೆ ಒಂದು ವಿನಂತಿ. ಹಣ ಕಟ್ಟುವ ಮುನ್ನ ಎರಡು ಪ್ರಶ್ನೆ ಕೇಳಿ: ನಿಮ್ಮ ದೋಣಿ ಲಂಗರು ಇಳಿಸುವುದೋ ಬೋಯ್‌ಗೆ ಕಟ್ಟುವುದೋ, ಒಬ್ಬ ತರಬೇತುದಾರರಿಗೆ ಎಷ್ಟು ಜನ? ನೀರಿನಲ್ಲಿ ಕೈ ಮಡಚಿಕೊಂಡಿರಿ, ಮೀನಿಗೆ ಬ್ರೆಡ್ಡು ಬಿಸ್ಕತ್ತು ಹಾಕಬೇಡಿ, ಏನನ್ನೂ ಎತ್ತಿಕೊಂಡು ಬರಬೇಡಿ. ಹಿಂದಿರುಗಿದ ಮೇಲೆ ರಾಜ್ಯ ಜೀವವೈವಿಧ್ಯ ಮಂಡಳಿಗೂ ನಿಮ್ಮ ಶಾಸಕರಿಗೂ ಒಂದು ಪತ್ರ ಬರೆದು ನೇತ್ರಾಣಿಯನ್ನು ಪಾರಂಪರಿಕ ತಾಣವೆಂದು ಘೋಷಿಸಲು ಕೇಳಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ; ನಲ್ಲೂರಿನಲ್ಲಿ ಬಳಸಿದ 37ನೆಯ ಕಲಮೇ ಸಾಕು.